ಜೋಡಿ ಸೈಕಲ್ಲಿನಲ್ಲಿ ಬುಕ್ಕಾಂಬುಧಿಗೆ

ಹೋದ ತಿಂಗಳು ಶಿಕ್ಷಕರ ತರಬೇತಿಗೆಂದು ಕಡೂರಿನಿಂದ ಅಜ್ಜಂಪುರದ ಬಸ್ಸು ಹತ್ತಿದ್ದೆ. ಬೀರೂರು ದಾಟಿ ಸ್ವಲ್ಪ ದೂರ ಹೋದ ಮೇಲೆ ಕಿಟಕಿಯಿಂದ ಈರುಳ್ಳಿಯ ಘಾಟು ಒಳಗೆ ನುಗ್ಗಿತು. ರಸ್ತೆಯ ಎರಡೂ ಬದಿಯ ಹೊಲಗಳಲ್ಲಿ ಈರುಳ್ಳಿ ಕಿತ್ತು ರಾಶಿ ಹಾಕಿದ್ದರು. ತಲೆಗೆ ಟವೆಲ್ ಸುತ್ತಿಕೊಂಡ ಹೆಂಗಸರು ಸಾಲಾಗಿ ಕೂತು ಸೊಪ್ಪು ಕೊಯ್ಯುತ್ತಿದ್ದರು. ಬಸ್ಸು ಒಂದು ಏರು ಹತ್ತತೊಡಗಿತು. ಡ್ರೈವರ್ ಗೇರ್ ಬದಲಿಸಿದ ಸದ್ದಿಗೆ ನನ್ನ ಕಾಲುಗಳು ತಾವಾಗಿಯೇ ಬಸ್ಸಿನ ನೆಲವನ್ನು ಒಂದಾದ ಮೇಲೊಂದು ತುಳಿಯಲು ಶುರುಮಾಡಿದವು. ಪಕ್ಕದಲ್ಲಿ ಕೂತಿದ್ದ ಹೆಂಗಸು ಕಾಲು ಹಿಡ್ಕೊಂಡಿದೆಯಾ ಎಂದು ಕೇಳಿದಳು. ಇಲ್ಲ ಎಂದೆ. ಅವಳಿಗೆ ಏನೆಂದು ಹೇಳುವುದು? ಆ ಏರು, ಆ ಘಾಟು ಎರಡೂ ಸೇರಿ ನನ್ನನ್ನು ಚೌಳಹಿರಿಯೂರಿನ ಆ ಒಂದು ವರ್ಷಕ್ಕೆ ಎಳೆದುಕೊಂಡು ಹೋಗಿದ್ದವು.

ಆಗ ನಾನು ಚೌಳಹಿರಿಯೂರಿನ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ನನ್ನ ಗಂಡ ಓಂಕಾರಪ್ಪ ಅಜ್ಜಂಪುರದ ಕಡೆಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ಊರಲ್ಲಿ ಎಲ್ಲರ ಮನೆ ಮುಂದೆ ಬೈಕು ನಿಂತಿದ್ದ ಕಾಲದಲ್ಲೂ ಅವರು ಸೈಕಲ್ ಬಿಟ್ಟವರಲ್ಲ. ಭಾನುವಾರ ಬಂತೆಂದರೆ ಬೆಳಗ್ಗೆಯೇ ಹೊರಟು ಸುತ್ತಿನ ಹಳ್ಳಿಗಳನ್ನೆಲ್ಲ ಸುತ್ತಿಕೊಂಡು ಮಧ್ಯಾಹ್ನದ ಊಟಕ್ಕೆ ಬರುತ್ತಿದ್ದರು. ನಮ್ಮ ಸೀಮೆಯಲ್ಲಿ ಉಸಿರು ಕಟ್ಟಿಸುವಂಥ ಘಟ್ಟವಿಲ್ಲ, ಮೈಮರೆತು ಹೋಗುವಂಥ ಬಯಲೂ ಇಲ್ಲ. ಕಂಬಳಿ ಕೊಡವಿ ಹಾಸಿದಾಗ ಅಲ್ಲಲ್ಲಿ ಮಡಿಕೆ ಉಳಿಯುತ್ತದಲ್ಲ, ನೆಲ ಹಾಗಿದೆ. ಒಂದು ದಿಣ್ಣೆ ಹತ್ತಿದರೆ ಆಚೆ ಒಂದು ಇಳಿಜಾರು, ಅದರ ಕೆಳಗೊಂದು ಹಳ್ಳ, ಮತ್ತೆ ದಿಣ್ಣೆ. ಸೈಕಲ್ಲಿಗೆ ಇದಕ್ಕಿಂತ ಒಳ್ಳೆ ದಾರಿ ದೇಶದಲ್ಲೇ ಇಲ್ಲ ಎಂದು ಅವರು ಬಂದವರಿಗೆಲ್ಲ ಹೇಳುತ್ತಿದ್ದರು.

ಕಣ್ಣಿನೊಳಗೆ ಒತ್ತಡ ಏರುವ ಕಾಯಿಲೆ ಅವರದು. ಒಂದು ಕಣ್ಣು ಮೊದಲೇ ಮಂಜಾಗಿತ್ತು. ಆ ವರ್ಷದ ಚಳಿಗಾಲದಲ್ಲಿ ಇನ್ನೊಂದೂ ಕೈಕೊಟ್ಟಿತು. ಆಪರೇಷನ್ ಆಯಿತು, ಫಲ ಸಿಗಲಿಲ್ಲ. ಯುಗಾದಿಯ ಹೊತ್ತಿಗೆ ಬೆಳಕು ಕತ್ತಲೆಯ ವ್ಯತ್ಯಾಸವೂ ಹೋಗಿಬಿಟ್ಟಿತ್ತು.

ಅವರ ಅಕ್ಕ ಸುಶೀಲಕ್ಕನನ್ನು ಕೊಟ್ಟದ್ದು ಬುಕ್ಕಾಂಬುಧಿಗೆ. ವಯಸ್ಸಿನಲ್ಲಿ ತಮ್ಮನಿಗಿಂತ ಬಹಳ ದೊಡ್ಡವರು. ನಮ್ಮ ಅತ್ತೆ ಹೊಲದ ಕೆಲಸಕ್ಕೆ ಹೋಗುತ್ತಿದ್ದ ಕಾಲದಲ್ಲಿ ತಮ್ಮನನ್ನು ಕಂಕುಳಲ್ಲಿ ಹೊತ್ತು ಬೆಳೆಸಿದವರು ಅವರೇ. ವಿಷಯ ತಿಳಿದು ಬಂದವರು ಹೊಸಿಲಿನ ಹತ್ತಿರವೇ ಕೂತು, ಸಾವಿನ ಮನೆಗೆ ಬಂದವರ ಹಾಗೆ ಹಾಡಿಕೊಂಡು ಅಳತೊಡಗಿದರು. ಅಕ್ಕಪಕ್ಕದವರೆಲ್ಲ ಬಂದು ಸೇರಿದರು. ನನ್ನ ಗಂಡ ಕುರ್ಚಿಯಲ್ಲಿ ಅಲುಗಾಡದೆ ಕೂತು ಕೇಳುತ್ತಲೇ ಇದ್ದರು. ಕೊನೆಗೆ ಎದ್ದು ನಿಂತರು.

"ಅಕ್ಕಾ, ನಾನಿನ್ನೂ ಸತ್ತಿಲ್ಲ. ನನ್ನ ನೋಡಿ ಅಳೋದೇ ಆದ್ರೆ ಇನ್ಮೇಲೆ ಈ ಮನೆಗೆ ಬರ್ಬೇಡ."

ಸುಶೀಲಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಊಟಕ್ಕೂ ನಿಲ್ಲದೆ ಮಧ್ಯಾಹ್ನದ ಬಸ್ಸಿಗೆ ಹೊರಟುಹೋದರು. ಆಮೇಲೆ ನಾವು ಫೋನ್ ಮಾಡಿದರೆ ಭಾವ ಎತ್ತಿಕೊಂಡು ಎಲ್ಲ ಚೆನ್ನಾಗಿದ್ದೇವೆ ಎನ್ನುತ್ತಿದ್ದರು. ಅಕ್ಕ ಮಾತಿಗೆ ಬರುತ್ತಿರಲಿಲ್ಲ. ಇವರೂ ಕೇಳುತ್ತಿರಲಿಲ್ಲ.

ರಜೆಯ ಮೇಲಿದ್ದ ನನ್ನ ಗಂಡ ಇಡೀ ದಿನ ಪಡಸಾಲೆಯಲ್ಲಿ ಕೂತಿರುತ್ತಿದ್ದರು. ಶಾಲೆ ಮಕ್ಕಳ ಸಾಲನ್ನು ಒಂದು ಸೀಟಿಯಲ್ಲಿ ತಿರುಗಿಸುತ್ತಿದ್ದ ಮನುಷ್ಯ ನೀರು ಬೇಕಾದರೂ ಬಾಯಿ ತೆರೆಯುತ್ತಿರಲಿಲ್ಲ. ಭಾನುವಾರ ಮಾತ್ರ ಹಿತ್ತಲಿಗೆ ಹೋಗಿ ಸೈಕಲ್ ಒರೆಸಿ, ಕೈಯಿಂದ ತಡವಿ ತಡವಿ ಚೈನಿಗೆ ಎಣ್ಣೆ ಬಿಡುತ್ತಿದ್ದರು. ಮೊದಲ ಮಳೆ ಬಿದ್ದ ಒಂದು ಭಾನುವಾರ, ಎಣ್ಣೆ ಕೈ ಒರೆಸಿಕೊಳ್ಳುತ್ತಾ, ಗೌರಿ ಹಬ್ಬಕ್ಕೆ ಅಕ್ಕನನ್ನು ಕರೆಯಲು ಬುಕ್ಕಾಂಬುಧಿಗೆ ಹೋಗಬೇಕು ಎಂದರು. ನನಗೆ ಸಂತೋಷವಾಯಿತು. ಬಸ್ಸಿಗೆ ಹೋಗಿ ಬರೋಣ ಎಂದೆ.

"ಬಸ್ಸಲ್ಲಿ ಹೋದ್ರೆ ನೀನು ನನ್ನ ಕೈ ಹಿಡ್ಕೊಂಡು ಇಳಿಸ್ಬೇಕು. ಅವಳು ಅದನ್ನ ನೋಡಿದ ತಕ್ಷಣ ಅಳ್ತಾಳೆ. ಸೈಕಲ್ಲಲ್ಲೇ ಹೋಗ್ಬೇಕು ಕಣೇ."

"ಯಾರು ಓಡಿಸ್ತಾರೆ?"

"ನೀನು."

ನಾನು ನಕ್ಕೆ. ಅವರು ನಗಲಿಲ್ಲ. ಮದುವೆಯಾದಾಗಿನಿಂದ ಅವರ ಸೈಕಲ್ಲಿನ ಕ್ಯಾರಿಯರ್ ಮೇಲೆ ಒಂದು ಕಡೆಗೆ ಕಾಲು ಹಾಕಿ ಕೂತು ತಿರುಗಿದವಳು ನಾನು. ಹ್ಯಾಂಡಲ್ ಮುಟ್ಟಿದವಳೇ ಅಲ್ಲ. ನಲವತ್ತು ದಾಟಿದ ಮೇಲೆ ಕಲಿಯುವ ವಿದ್ಯೆಯೇ ಇದು ಎಂದೆ. ಎಂಟನೇ ಕ್ಲಾಸಿನ ದಪ್ಪ ಹುಡುಗರಿಗೆ ಕೋಲಾಟ ಕಲಿಸಿದ್ದೀನಿ, ನಿನಗೆ ಸೈಕಲ್ ಕಲಿಸಕ್ಕಾಗಲ್ವಾ ಎಂದರು.

ಆಷಾಢದ ಗಾಳಿಯಲ್ಲಿ, ಶಾಲೆ ಬಿಟ್ಟ ಮೇಲೆ, ನಮ್ಮ ಶಾಲೆಯ ಮೈದಾನದಲ್ಲೇ ಪಾಠ ಶುರುವಾಯಿತು. ಮಗಳು ಹಾಸ್ಟೆಲಿನಲ್ಲಿ ಓದುತ್ತಿದ್ದಳು. ಅವಳ ಹಳೆಯ ಚೂಡಿದಾರ್ ತೊಟ್ಟು ನಾನು ಸೀಟಿನ ಮೇಲೆ ಕೂತರೆ, ಕಣ್ಣು ಕಾಣದ ನನ್ನ ಗಂಡ ಕ್ಯಾರಿಯರ್ ಹಿಡಿದುಕೊಂಡು ಹಿಂದೆ ಓಡಿಬರುವರು. ಮಕ್ಕಳು ಕಾಂಪೌಂಡ್ ಏರಿ ಕೂತು ನೋಡುತ್ತಿದ್ದರು. ನಾಳೆ ಇವರ ಮುಂದೆಯೇ ಮಗ್ಗಿ ಹೇಳಿಸಬೇಕಲ್ಲ ಎಂದು ನನಗೆ ನಾಚಿಕೆ. ಒಂದು ಸಂಜೆ ಖೋ ಖೋ ಕಂಬದ ಕಡೆಗೆ ಹೋಗಿಬಿಟ್ಟೆ. ಕೊನೇ ಗಳಿಗೆಯಲ್ಲಿ ನಾನೇನೋ ತಿರುಗಿಸಿಕೊಂಡೆ. ಹಿಂದಿದ್ದವರಿಗೆ ಕಂಬ ಇದೆಯೆಂದು ಹೇಳುವುದು ಮರೆತೆ. ಹಣೆ ಊದಿಸಿಕೊಂಡು ನಿಂತ ಮನುಷ್ಯ ಮೊದಲು ಕೇಳಿದ್ದು ನೀನು ಬಿದ್ಯಾ ಎಂದು. ನಾನು ಬಿದ್ದಿರಲಿಲ್ಲ, ಆ ಕಂಬ ದಾಟಿ ಒಬ್ಬಳೇ ಹೋಗಿದ್ದೆ. ಹಾಗಾದರೆ ಬಂತು ಬಿಡು ಎಂದರು. ಹಣೆಯ ಬೋರೆ ಕಂಡು ಅತ್ತೆ ಕೇಳಿದಾಗ ಬಾಗಿಲು ತಗುಲಿತು ಎಂದು ಇಬ್ಬರೂ ಒಂದೇ ಬಾಯಲ್ಲಿ ಹೇಳಿದೆವು.

ಅಜ್ಜಂಪುರದಲ್ಲಿ ಟ್ರೈಲರು, ಕಬ್ಬಿಣದ ಬಾಗಿಲು ಮಾಡುವ ವೆಲ್ಡಿಂಗ್ ಅಂಗಡಿಯ ರುದ್ರಣ್ಣ ನನ್ನ ಗಂಡನ ಹಳೆಯ ಶಿಷ್ಯ. ಎರಡು ಹಳೆ ಸೈಕಲ್ ಜೋಡಿಸಿ ಒಂದು ಮಾಡಿಕೊಡು ಎಂದಾಗ ಅವನು ನನ್ನ ಮುಖ ನೋಡಿದ. ನಾನು ಹೌದೆಂದು ತಲೆಯಾಡಿಸಿದೆ. ಮೊದಲು ಮಾಡಿಕೊಟ್ಟದ್ದರಲ್ಲಿ ನನ್ನ ಹಿಮ್ಮಡಿ ಅವರ ಕಾಲ್ಬೆರಳಿಗೆ ತಗುಲುತ್ತಿತ್ತು. ಕತ್ತರಿಸಿ, ಉದ್ದ ಮಾಡಿ, ಮತ್ತೆ ಬೆಸೆದುಕೊಟ್ಟ. ಎರಡು ಸೀಟು, ಎರಡು ಜೊತೆ ಪೆಡಲು, ಎರಡಕ್ಕೂ ಕೂಡಿದ ಚೈನು. ಹ್ಯಾಂಡಲ್ಲೂ ಬ್ರೇಕೂ ನನ್ನ ಕೈಯಲ್ಲಿ. ಹಿಂದೆ ಅವರು ಹಿಡಿದುಕೊಳ್ಳಲು ಅಲುಗಾಡದ ಒಂದು ಸರಳು, ಅಷ್ಟೆ.

ಆ ಸೈಕಲ್ಲಿನ ಗುಣವೇ ಬೇರೆ. ಒಬ್ಬರು ತುಳಿದರೆ ಇನ್ನೊಬ್ಬರ ಕಾಲೂ ತಿರುಗಲೇಬೇಕು. ನಾನು ಹೆದರಿ ಕಾಲು ಬಿಗಿಹಿಡಿದರೆ ಹಿಂದೆ ಅವರ ಕಾಲಿಗೂ ಗೊತ್ತಾಗುತ್ತಿತ್ತು. ಯಾಕೆ ಹೆದರಿದೆ ಎಂದು ಕೇಳುತ್ತಿದ್ದರು. ಹೆದರಿಲ್ಲ ಎಂದು ಸುಳ್ಳು ಹೇಳುವ ಹಾಗಿರಲಿಲ್ಲ. ಮೊದಮೊದಲು ದಿನವೂ ಜಗಳ. ಹೊರಡುವಾಗ ಯಾವ ಕಾಲು ಮೊದಲು ಎಂಬುದಕ್ಕೆ ಜಗಳ, ಏರಿನಲ್ಲಿ ಅವರು ಜೋರು ಮಾಡುತ್ತಾರೆಂದು ಜಗಳ. ನಾನು ದಾರಿಯುದ್ದಕ್ಕೂ ಗುಂಡಿ, ಕಲ್ಲು, ಗುಂಡಿ, ನಾಯಿ ಎಂದು ಕೂಗಿಕೊಂಡೇ ಹೋಗುತ್ತಿದ್ದೆ. ಒಂದು ದಿನ ಅವರಿಗೆ ರೇಗಿತು.

"ಗುಂಡಿ ಬಿಟ್ಟು ಈ ಊರಲ್ಲಿ ಬೇರೇನೂ ಇಲ್ವೇನೇ? ಹೊಲ ಹೇಳು, ಏನ್ ಬೆಳೆದಿದೆ ಹೇಳು."

ಆವತ್ತಿನಿಂದ ಹೊಲ ಹೇಳತೊಡಗಿದೆ. ಎಡಕ್ಕೆ ರಾಗಿ, ಗೇಣುದ್ದ. ಬಲಕ್ಕೆ ಈರುಳ್ಳಿ, ಕಳೆ ಕೀಳುತ್ತಿದ್ದಾರೆ. ದಿಣ್ಣೆಯ ಮೇಲೆ ಹತ್ತಿ. ಇಲ್ಲಿ ಸೂರ್ಯಕಾಂತಿ, ಎಲ್ಲ ನಮಗೆ ಬೆನ್ನು ಮಾಡಿ ನಿಂತಿವೆ. ಇಷ್ಟು ವರ್ಷ ಅದೇ ದಾರಿಯಲ್ಲಿ ಬಸ್ಸಿನಲ್ಲಿ ಓಡಾಡಿದ ನಾನು ಕೆಂಪು ನೆಲ ಎಲ್ಲಿ ಮುಗಿದು ಎರೆ ನೆಲ ಎಲ್ಲಿ ಶುರುವಾಗುತ್ತದೆಂದು ಅಲ್ಲಿಯವರೆಗೆ ನೋಡಿರಲಿಲ್ಲ. ಅವರಿಗೆ ಹೇಳಬೇಕೆಂದು ನೋಡತೊಡಗಿದೆ. ಆಮೇಲೆ ನನಗೇ ಬೇಕಾಗಿ ನೋಡಿದೆ.

ಗೌರಿ ಹಬ್ಬಕ್ಕೆ ಇನ್ನೇನು ಒಂದು ವಾರವಿದೆ ಎನ್ನುವಾಗ, ಅಜ್ಜಂಪುರದವರೆಗೆ ಒಮ್ಮೆ ಹೋಗಿ ನೋಡೋಣವೆಂದು ಹೊರಟೆವು. ಅಜ್ಜಂಪುರ ಇನ್ನೂ ಸ್ವಲ್ಪ ದೂರವಿರುವಾಗ ರಸ್ತೆ ಒಂದು ಉದ್ದ ದಿಣ್ಣೆಯಿಂದ ಹಳ್ಳದ ಮೋರಿಗೆ ಇಳಿಯುತ್ತದೆ. ರಿಪೇರಿಗೆಂದು ಅಲ್ಲಿ ಜಲ್ಲಿ ಚೆಲ್ಲಿದ್ದರು. ನಾನು ನೋಡುವ ಹೊತ್ತಿಗೆ ಸೈಕಲ್ ವೇಗ ಹಿಡಿದಿತ್ತು. ಅದೇ ಗಳಿಗೆಗೆ ಪಕ್ಕದ ದನ ಮೇಯುವ ಕಾವಲಿನಿಂದ ಎರಡು ಕರುಗಳು ರಸ್ತೆಗೆ ಹಾರಿದವು. ಎರಡೂ ಬ್ರೇಕನ್ನು ಒಟ್ಟಿಗೆ ಒತ್ತಿಬಿಟ್ಟೆ. ಮುಂದಿನ ಚಕ್ರ ಜಾರಿತು. ನನ್ನ ಮೊಣಕೈ ಮೊಣಕಾಲು ತರಚಿದವು. ಎದ್ದು ನೋಡಿದರೆ ಅವರು ರಸ್ತೆಯ ಅಂಚಿನಲ್ಲಿ ಎಡಗೈಯನ್ನು ಎದೆಗೆ ಒತ್ತಿಕೊಂಡು ಕೂತು, ಗಿರಿಜಾ, ಗಿರಿಜಾ ಎಂದು ಬೇರೆ ಯಾವುದೋ ದಿಕ್ಕಿಗೆ ಕರೆಯುತ್ತಿದ್ದರು. ನಾನು ಓಡಿಹೋಗಿ ಮುಟ್ಟುವವರೆಗೂ ಅವರ ಮುಖದಲ್ಲಿದ್ದ ಆ ಗಾಬರಿಯನ್ನು ನಾನು ಇವತ್ತಿಗೂ ಮರೆತಿಲ್ಲ.

ಹಿಂದೆ ಬಂದ ಟ್ರ್ಯಾಕ್ಟರಿನವರು ಆಸ್ಪತ್ರೆಗೆ ಸೇರಿಸಿದರು. ಅವರ ಮಣಿಕಟ್ಟಿನ ಮೂಳೆ ಮುರಿದಿತ್ತು, ಪಟ್ಟಿ ಹಾಕಿದರು. ಮನೆಗೆ ಬಂದಾಗ ಅತ್ತೆ ನನ್ನ ತರಚು ಗಾಯಕ್ಕೆ ಅರಿಸಿನ ಹಚ್ಚಿದರು, ಮಗನಿಗೆ ಅನ್ನ ಕಲಸಿ ತಿನ್ನಿಸಿದರು. ಆಮೇಲೆ ಒಳಗೆ ಹೋಗಿ ದೇವರ ಮುಂದೆ ಕೂತುಬಿಟ್ಟರು. ಪಡಸಾಲೆಯಲ್ಲಿ ನನ್ನ ಗಂಡ ಮೆಲ್ಲಗೆ ಹೇಳಿದರು.

"ಸಾಕು ಬಿಟ್ಬಿಡಣ ಗಿರಿಜಾ. ನನ್ನ ಕಣ್ಣು ಹೋದದ್ದಕ್ಕೆ ನಿನ್ನ ಕೈಕಾಲೂ ಹೋಗೋದು ಬೇಡ."

ನಾನು ಹೂಂ ಎಂದೆ. ಆವತ್ತು ನಿಜವಾಗಿಯೂ ಸಾಕಾಗಿತ್ತು. ಗೌರಿ ಹಬ್ಬ ಬಂತು, ಹೋಯಿತು. ಸುಶೀಲಕ್ಕನಿಗೆಂದು ತಂದಿದ್ದ ಸೀರೆ, ರವಿಕೆ ಕಣವನ್ನು ಅತ್ತೆ ಮಡಿಸಿ ಪೆಟ್ಟಿಗೆಯ ತಳಕ್ಕೆ ಇಟ್ಟರು. ಬಸ್ಸಿಗಾದರೂ ಹೋಗಿ ಕರೆದು ಬರುತ್ತೇನೆ ಎಂದು ನಾನೆಂದರೆ ಇವರು ಬೇಡವೆಂದರು. ಪಡಸಾಲೆಯ ಕುರ್ಚಿ ಮತ್ತೆ ತುಂಬಿತು. ಈ ಸಲ ಭಾನುವಾರವೂ ಅವರು ಹಿತ್ತಲಿಗೆ ಹೋಗಲಿಲ್ಲ.

ನನ್ನ ಗಾಯ ಮಾಯಿತು. ಆದರೆ ಶಾಲೆಯಲ್ಲಿ ಬೋರ್ಡಿನ ಮೇಲೆ ಬರೆಯುವಾಗಲೂ ಆ ಇಳಿಜಾರು ಕಣ್ಣ ಮುಂದೆ ಬರುತ್ತಿತ್ತು. ಅಲ್ಲಿ ಏನು ಮಾಡಬೇಕಿತ್ತು ಎಂದು ಯೋಚಿಸುತ್ತಿದ್ದೆ. ದಿಣ್ಣೆಯ ನೆತ್ತಿಯಲ್ಲೇ ಹಿಂದಿನ ಬ್ರೇಕನ್ನು ಅಷ್ಟಷ್ಟಾಗಿ ಒತ್ತುತ್ತಾ ಬರಬೇಕಿತ್ತು. ಕಲಿಯದೆ ಬಿದ್ದದ್ದು, ಕಲಿತರೆ ಬೀಳಬೇಕಾಗಿಲ್ಲ. ಹೀಗೆ ಲೆಕ್ಕ ಹಾಕಿ ಹಾಕಿ ನನಗೆ ಸಿಟ್ಟು ಬಂತು. ನಮ್ಮ ಬದುಕು ಒಂದು ಮೋರಿಯ ಹತ್ತಿರ ನಿಂತುಹೋಯಿತು ಎಂದು ಒಪ್ಪಿಕೊಳ್ಳಲು ನನ್ನಿಂದ ಆಗಲಿಲ್ಲ.

ಜೋಡಿ ಸೈಕಲ್ಲನ್ನು ರುದ್ರಣ್ಣ ನೆಟ್ಟಗೆ ಮಾಡಿ ಕಳಿಸಿದ್ದ. ಹಿಂದಿನ ಸೀಟಿಗೆ ಒಂದು ಬೂಸಾ ಮೂಟೆ ಕಟ್ಟಿಕೊಂಡು, ಬೆಳಗ್ಗೆ ಶಾಲೆಗೆ ಮುಂಚೆ ಒಬ್ಬಳೇ ಹೊರಡತೊಡಗಿದೆ. ದಿಣ್ಣೆ ಹತ್ತುವುದು, ಇಳಿಯುವುದು, ತಿರುಗಿಸಿಕೊಂಡು ಮತ್ತೆ ಹತ್ತುವುದು. ಹೊಲಕ್ಕೆ ಹೋಗುವವರು ನಿಂತು ನೋಡಿದರು. ಮೇಷ್ಟ್ರ ಜಾಗಕ್ಕೆ ಟೀಚರಮ್ಮ ಮೂಟೆ ಕೂರಿಸ್ಕೊಂಡವ್ರೆ ಎಂದು ನಕ್ಕವರೂ ಇದ್ದರು. ಮೂಟೆ ಒಂದು ಕಡೆಗೆ ವಾಲಿ ವಾಲಿ ಎರಡು ಸಲ ಬಿದ್ದೆ. ಮನೆಯಲ್ಲಿ ಗಿರಣಿಗೆ ಹೋಗಿದ್ದೆ ಎನ್ನುತ್ತಿದ್ದೆ.

ಒಂದು ಬೆಳಗ್ಗೆ ಹಿತ್ತಲಲ್ಲಿ ಮೂಟೆ ಕಟ್ಟುತ್ತಿದ್ದಾಗ ಅತ್ತೆ ಬಂದು ನಿಂತರು. ಬೈಯುತ್ತಾರೆಂದುಕೊಂಡೆ. ಅವರು ಮೂಟೆಯನ್ನು ಎರಡೂ ಕೈಯಿಂದ ಅಲುಗಾಡಿಸಿ ನೋಡಿ, ಗಂಟು ಬಿಚ್ಚಿ, ಗಾಡಿಗೆ ಹೇರುವ ಹಾಗೆ ಅಡ್ಡಹಗ್ಗ ಹಾಕಿ ಬಿಗಿದರು. "ಈಗ ವಾಲಲ್ಲ, ಹೋಗ್ ಬಾ" ಎಂದರು. ನಾನು ಬರುವಷ್ಟರಲ್ಲಿ ಮಗನಿಗೆ ಎಲ್ಲವನ್ನೂ ಹೇಳಿಬಿಟ್ಟಿದ್ದರು. ಒಳಗೆ ಕಾಲಿಟ್ಟಾಗ ನನ್ನ ಗಂಡ ಕುರ್ಚಿಯಲ್ಲಿ ಇರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು.

"ಅಲ್ಲ ಕಣೇ, ಬೂಸಾ ಮೂಟೆಗಿಂತ ಕಡಿಮೆಯಾಗಿ ಹೋದ್ನಾ ನಾನು?"

"ಮೂಟೆ ಏರಲ್ಲಿ ತುಳಿಯಲ್ಲ. ಆದ್ರೆ ಬಿಟ್ಬಿಡಣ ಅಂತಾನೂ ಅನ್ನಲ್ಲ" ಎಂದೆ.

ಅವರು ನಗತೊಡಗಿದರು. ಯುಗಾದಿಯಿಂದ ಈಚೆಗೆ ಆ ಮನೆಯಲ್ಲಿ ಕೇಳಿರದ ನಗು. ಅಡುಗೆಮನೆಯಲ್ಲಿ ಅತ್ತೆಯೂ ನಗುತ್ತಿದ್ದರು.

ಪಟ್ಟಿ ಬಿಚ್ಚಿದ ಮೇಲೆ ಕೈಗೆ ಬಲ ಬರಲೆಂದು ಒದ್ದೆ ಟವೆಲ್ ಹಿಂಡುವುದು, ಹಿಟ್ಟು ನಾದುವುದು ಎಲ್ಲ ಮಾಡಿಸಿದೆವು. ಆ ದಿನಗಳಲ್ಲಿ ನಮ್ಮ ಮನೆಯ ರೊಟ್ಟಿ ಹಿಟ್ಟನ್ನು ಪಿ.ಟಿ. ಮೇಷ್ಟ್ರೇ ನಾದುತ್ತಿದ್ದದ್ದು. ಮತ್ತೆ ಇಬ್ಬರೂ ಸೈಕಲ್ ಹತ್ತಿದೆವು. ಮೊದಲು ಊರಾಚೆಯ ಗಡಿಕಲ್ಲಿನವರೆಗೆ, ಆಮೇಲೆ ಪಕ್ಕದ ಹಳ್ಳಿಗೆ, ಅದರಾಚೆಯ ಹಳ್ಳಿಗೆ. ದೀಪಾವಳಿಗೆ ನೀರು ತುಂಬುವ ಹಬ್ಬದ ಬೆಳಗ್ಗೆ ಬುಕ್ಕಾಂಬುಧಿಗೆಂದು ಹೊರಟಾಗ ಅತ್ತೆ ಪೆಟ್ಟಿಗೆಯ ತಳದಿಂದ ಸೀರೆ ತೆಗೆದು ಅರಿಸಿನ ಕುಂಕುಮದ ಜೊತೆ ಚೀಲಕ್ಕೆ ಹಾಕಿದರು.

ಇಬ್ಬನಿ ಇನ್ನೂ ಆರಿರಲಿಲ್ಲ. ಮೂಡಲ ಗಾಳಿ ಬೆನ್ನಿಗೆ ಇತ್ತು. ರಾಗಿ ತೆನೆ ಬಾಗಿತ್ತು, ನಡುನಡುವಿನ ಅಕ್ಕಡಿ ಸಾಲಿನಲ್ಲಿ ಹುಚ್ಚೆಳ್ಳು ಹಳದಿಯಾಗಿ ಹೂಬಿಟ್ಟಿತ್ತು. ಅವರಿಗೆ ಎಲ್ಲ ಹೇಳುತ್ತಾ ಬಂದವಳು ಆ ಉದ್ದ ದಿಣ್ಣೆಯ ನೆತ್ತಿಗೆ ಬಂದಾಗ ಮಾತು ನಿಲ್ಲಿಸಿ ಕಾಲು ಕೆಳಗಿಟ್ಟೆ. ಅದೇ ಇಳಿಜಾರಾ ಎಂದು ಕೇಳಿದರು. ಹೌದೆಂದೆ. ಇಳಿದು ತಳ್ಳಿಕೊಂಡು ಹೋಗೋಣವೇ ಎಂದರು. ನನಗೆ ಅವರ ದನಿಯಲ್ಲಿ ಅಂಜಿಕೆ ಕೇಳಿತು. ಅದು ಅವರಿಗಾಗಿ ಅಲ್ಲ, ನನಗಾಗಿ.

"ಬೇಡ, ಕೂತ್ಕೊಳ್ಳಿ. ಸರಳು ಗಟ್ಟಿಯಾಗಿ ಹಿಡ್ಕೊಳ್ಳಿ" ಎಂದೆ.

ಹಿಂದಿನ ಬ್ರೇಕನ್ನು ಮೊದಲಿನಿಂದಲೇ ಅಷ್ಟಷ್ಟಾಗಿ ಒತ್ತುತ್ತಾ ಇಳಿದೆ. ಜಲ್ಲಿ ಇದ್ದ ಕಡೆ ಈಗ ಹೊಸ ಡಾಂಬರು. ಕರುಗಳೂ ಇರಲಿಲ್ಲ, ಏನೂ ಇರಲಿಲ್ಲ. ಮೋರಿ ದಾಟಿದೆವು. ಇಳಿದ ವೇಗಕ್ಕೆ ಸೈಕಲ್ ಎದುರು ಏರಿನಲ್ಲಿ ಅರ್ಧದವರೆಗೆ ತಾನೇ ಹತ್ತಿತು. ಉಳಿದರ್ಧವನ್ನು ಇಬ್ಬರೂ ಸೇರಿ ತುಳಿದೆವು.

ಅಜ್ಜಂಪುರದ ಪೇಟೆಯಲ್ಲಿ ಹಬ್ಬದ ನೂಕುನುಗ್ಗಲು. ಇಳಿದು ತಳ್ಳಿಕೊಂಡು ದಾಟಿ, ರುದ್ರಣ್ಣನ ಅಂಗಡಿಯಲ್ಲಿ ಟೀ ಕುಡಿದು ಮುಂದೆ ಹೊರಟೆವು. ಬುಕ್ಕಾಂಬುಧಿ ಹತ್ತಿರವಾದಂತೆ ನನ್ನ ತೊಡೆ ಸೋತು ನಡುಗತೊಡಗಿತು. ನಾನು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಪೆಡಲಿನಲ್ಲಿ ಅವರಿಗೆ ತಿಳಿದಿತ್ತು. ನೀನು ಹ್ಯಾಂಡಲ್ ನೋಡಿಕೋ ಸಾಕು ಎಂದರು. ಆ ಕೊನೆಯ ಏರನ್ನು ಹೆಚ್ಚುಕಡಿಮೆ ಅವರೊಬ್ಬರೇ ಹತ್ತಿಸಿದರು. ಕೆರೆ ಏರಿಗೆ ಬಂದಾಗ ನಾನು ಹೇಳುವ ಮುಂಚೆಯೇ, ಈ ವರ್ಷ ಕೆರೆ ತುಂಬಿದೆ ಅಲ್ವಾ, ನೀರಿನ ತಂಪು ಬರ್ತಿದೆ ಎಂದರು. ತುಂಬಿತ್ತು. ಆ ದಡ ಕಾಣದಷ್ಟು ತುಂಬಿತ್ತು.

ಸುಶೀಲಕ್ಕ ಅಂಗಳದಲ್ಲಿ ಕುಕ್ಕುರುಗಾಲಲ್ಲಿ ಕೂತು ಹಬ್ಬದ ಹಂಡೆಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದರು. ಸೈಕಲ್ ಬಂದು ನಿಂತಿತು. ನನ್ನ ಗಂಡ ತಾವೇ ಇಳಿದರು, ತಾವೇ ಸ್ಟ್ಯಾಂಡ್ ಹಾಕಿದರು, ಚೀಲ ತೆಗೆದುಕೊಂಡು ಹಂಡೆಯ ಸದ್ದು ಬರುತ್ತಿದ್ದ ಕಡೆಗೆ ಮುಖ ಮಾಡಿ ನಿಂತರು. ಬೆವರಿನಿಂದ ಅಂಗಿ ಮೈಗಂಟಿತ್ತು.

"ಅಕ್ಕಾ, ಹಬ್ಬಕ್ಕೆ ಕರೆಯೋಕೆ ಬಂದಿದ್ದೀನಿ."

ಸುಶೀಲಕ್ಕ ಅವರನ್ನು ನೋಡಿದರು, ನನ್ನನ್ನು ನೋಡಿದರು, ಆ ಉದ್ದದ ಸೈಕಲ್ಲನ್ನು ನೋಡಿದರು. ಸೆರಗು ಬಾಯಿಯವರೆಗೆ ಹೋಯಿತು. ಆದರೆ ಅಳಲಿಲ್ಲ. "ಗೌರಿ ಹಬ್ಬಕ್ಕೆ ಕರೀದಿದ್ದೋನು ಈಗ ಬಂದ್ಯೇನೋ? ಕಾಲ್ ತೊಳ್ಕೊಂಡು ಒಳಕ್ ಬಾ" ಎಂದು ಬೈದರು. ಬಕೆಟ್ಟಿನಲ್ಲಿ ನೀರು ತಂದಿಟ್ಟರು. ಸೀರೆಯನ್ನು ಕಣ್ಣಿಗೊತ್ತಿಕೊಂಡು, ಪಾಡ್ಯಕ್ಕೆ ಖಂಡಿತ ಬರುತ್ತೇನೆಂದರು.

ರೊಟ್ಟಿ ಮಾಡಲು ಅವರು ಒಳಗೆ ಹೋದರು. ಬೇಯಿಸಿಕೊಡಲೆಂದು ನಾನೂ ಹೋದೆ. ಜಗಲಿಯಲ್ಲಿ ಭಾವ ರಾಗಿಯ ವಿಚಾರ ಮಾತಾಡುತ್ತಿದ್ದರು. ಸುಶೀಲಕ್ಕ ನನಗೆ ಬೆನ್ನು ಮಾಡಿ ರೊಟ್ಟಿ ತಟ್ಟುತ್ತಿದ್ದರು. ಒಂದು ರೊಟ್ಟಿ, ಎರಡು ರೊಟ್ಟಿ. ಆಮೇಲೆ ತಟ್ಟುವ ಸದ್ದು ನಿಂತಿತು. ತುಟಿ ಕಚ್ಚಿಕೊಂಡು, ಒಂದಿಷ್ಟೂ ಸದ್ದು ಹೊರಡಿಸದೆ, ಭುಜ ಮಾತ್ರ ಅಲುಗುವ ಹಾಗೆ ಅಳುತ್ತಿದ್ದರು. ನಾನು ಏನು ಮಾಡಬೇಕೆಂದು ತಿಳಿಯದೆ ಒಲೆಯ ಮುಂದೆ ನಿಂತೆ. ಜಗಲಿಯಲ್ಲೂ ಮಾತು ನಿಂತಿತು.

"ಅಕ್ಕಾ" ಎಂದರು ನನ್ನ ಗಂಡ. "ಒಳಗೆ ಒಬ್ಳೇ ಅಳ್ಬೇಡ. ಇಲ್ಲಿ ಬಾ."

ಹಿಟ್ಟಿನ ಕೈಯಲ್ಲೇ ಹೋದರು ಸುಶೀಲಕ್ಕ. ತಮ್ಮನ ಪಕ್ಕ ಕೂತು, ಅವರ ಭುಜಕ್ಕೆ ಹಣೆ ಇಟ್ಟು, ಯುಗಾದಿಯಿಂದ ಹಿಡಿದಿಟ್ಟುಕೊಂಡದ್ದನ್ನೆಲ್ಲ ಅತ್ತರು. ನನ್ನ ಗಂಡ ಅವರ ಬೆನ್ನು ಸವರುತ್ತಿದ್ದರು. ಅವರ ಕಣ್ಣಿಂದಲೂ ನೀರು ಇಳಿಯುತ್ತಿತ್ತು. ಕಣ್ಣು ಹೋದ ಮೇಲೆ ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ರೊಟ್ಟಿ ಸೀದ ವಾಸನೆ ಬಂತು. ಸುಶೀಲಕ್ಕ ತಲೆಯೆತ್ತಿ, ಗಿರಿಜಾ ನಿಂಗೆ ಅಷ್ಟೂ ನೋಡ್ಕೊಳಕ್ಕಾಗ್ಲಿಲ್ವಾ ಎಂದು ನನ್ನನ್ನು ಗದರಿದರು.

ಊಟವಾದ ಮೇಲೆ ಭಾವ, ಸೈಕಲ್ಲನ್ನು ಟ್ರ್ಯಾಕ್ಟರಿಗೆ ಹಾಕಿಕೊಂಡು ಊರಿಗೆ ಬಿಟ್ಟುಬರುತ್ತೇನೆ, ಹೋಗುವಾಗ ಗಾಳಿ ಎದುರಾಗುತ್ತದೆ ಎಂದರು. ಅವರು ಹೇಳಿದ್ದು ಸರಿಯೇ. ನಾನು ಗಂಡನ ಮುಖ ನೋಡಿದೆ. ಅವರು ನನ್ನ ಉತ್ತರಕ್ಕೆ ಕಾಯುತ್ತಿದ್ದರು. ಬೇಡ ಭಾವ, ನಾವು ಹೀಗೇ ಹೋಗ್ತೀವಿ ಎಂದೆ. ಸುಶೀಲಕ್ಕ ಏರಿಯವರೆಗೂ ಹಿಂದೆಯೇ ಬಂದರು.

ಕೆರೆ ಏರಿ ಹತ್ತಿದ್ದೇ ತಡ, ಗಾಳಿ ಎದೆಗೆ ಕೈಯಿಟ್ಟು ತಳ್ಳಿದ ಹಾಗೆ ಬಂತು. ಹ್ಯಾಂಡಲ್ ಅದುರಿತು. ಮುಂದೆ ಊರಿನವರೆಗೂ ಹೀಗೇ ಇರುತ್ತದೆಂದು ಇಬ್ಬರಿಗೂ ಗೊತ್ತಿತ್ತು.

"ಗಾಳಿ ಎದುರು" ಎಂದೆ.

"ಗೊತ್ತಾಯ್ತು" ಎಂದರು ಹಿಂದಿನಿಂದ. "ತುಳಿ."